ದೊಡ್ಡವ್ವನನ್ನು ಯಾರೂ ಮುಟ್ಟದ ದಿನಗಳು

ದೊಡ್ಡವ್ವನ ಮೊಣಕಾಲಿನ ಕೆಳಗಿನ ಚರ್ಮ ಉಜ್ಜಿದ ಹುಣಸೆಬೀಜದ ಹಾಗೆ ನುಣುಪಾಗಿತ್ತು. ಮುಖ, ಕತ್ತು, ತೋಳು ಎಲ್ಲ ಬಿಸಿಲಿಗೆ ಸುಕ್ಕುಗಟ್ಟಿದ್ದರೂ ಕಾಲು ಮಾತ್ರ ಹರಳೆಣ್ಣೆ ಕುಡಿದು ಮಿರುಗುತ್ತಿತ್ತು. ಕಾಲು ನೀಡಿ ಕೂತು, ಅದರ ಮೇಲೆ ಎಳೆಗೂಸುಗಳನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವುದು ಅವಳ ಕೆಲಸ. ಕೂಟಗಲ್ ಹತ್ತಿರದ ನಮ್ಮ ಊರಲ್ಲಿ, ನನ್ನನ್ನೂ ಸೇರಿಸಿ, ಅವಳ ಕಾಲ ಮೇಲೆ ಅಳದ ಮಕ್ಕಳೇ ಇರಲಿಲ್ಲ. ನನಗೆ ಪಕ್ಕದ ಮನೆಯವಳು, ಊರಿಗೆಲ್ಲ ದೊಡ್ಡವ್ವ.

ನಮ್ಮ ಕಡೆಯ ಹೆಂಗಸರು ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗಲು ಶುರುಮಾಡಿದ್ದ ಕಾಲ. ಮಕ್ಕಳನ್ನು ಅವಳ ಹತ್ತಿರವೇ ಬಿಟ್ಟು ಹೋಗುತ್ತಿದ್ದರು. ಆಗಲೇ ಅವಳಿಗೆ ಟಿ.ಬಿ. ಹಿಡಿಯಿತು. ರಾಮನಗರದಿಂದ ಮಾತ್ರೆ ತಂದ ದಿನವೇ ಅವಳ ಜಗುಲಿ ಬರಿದಾಯಿತು. ಎರಡು ತಿಂಗಳಲ್ಲಿ, ಕುರಿ ಮೇಯಿಸಲು ಹೋದ ಅವಳ ಗಂಡ ಎದೆನೋವು ಬಂದು ಹೊಲದ ಬದುವಿನಲ್ಲೇ ಸತ್ತ.

ಸಾವಿನ ಮನೆಯಲ್ಲಿ ನಮ್ಮ ಹೆಂಗಸರು ಕತ್ತು ತಬ್ಬಿಕೊಂಡು ಅಳುತ್ತಾರೆ. ಅವತ್ತು ಎಲ್ಲರೂ ಬಂದರು, ಎಲ್ಲರೂ ಅತ್ತರು, ಆದರೆ ಅಂಗಳದಾಚೆ ನಿಂತು. ದೊಡ್ಡವ್ವ ಎರಡು ಸಲ ಕೈ ಚಾಚಿದಳು. ಎರಡು ಸಲವೂ ಹಿಂದಕ್ಕೆ ಸರಿದರು. ಕೊನೆಗೆ ಅವಳು ಜಗುಲಿಯ ಕಂಬ ತಬ್ಬಿಕೊಂಡು ಅತ್ತಳು. ಹನ್ನೆರಡು ವರ್ಷದ ನಾನು ಅವ್ವನ ಸೆರಗು ಹಿಡಿದು ನೋಡುತ್ತಿದ್ದೆ.

ಆಮೇಲೆ ನನಗೊಂದು ಪ್ರಶ್ನೆ ಅಂಟಿಕೊಂಡಿತು. ಒಂದು ಮಧ್ಯಾಹ್ನ ಬೇಲಿಯ ಈಚೆಯಿಂದ ಕೇಳಿಯೇಬಿಟ್ಟೆ:

"ದೊಡ್ಡವ್ವ, ಯಾರೂ ಮುಟ್ದಿದ್ರೆ ಹೆಂಗಾಯ್ತದೆ?"

ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಯೋಚಿಸಿದಳು.

"ಮೈ ನಂದಲ್ಲ ಅನ್ನುಸ್ತದೆ ಕಣವ್ವ. ಯಾರೋ ಬುಟ್ಟೋದ ಗಂಟ್ನ ಕಾಯ್ತಾ ಕುಂತಂಗೆ."

ಎದ್ದು ಹೋಗಿ, ಹಟ್ಟಿಯಲ್ಲಿ ಮಲಗಿದ್ದ ಕುರಿಗೆ ಬೆನ್ನು ಒರಗಿಸಿ ಕೂತು ತೋರಿಸಿದಳು. "ಇಂಗೆ ಒಸಿ ಹೊತ್ತು ಕುಂತ್ರೆ ಇದ್ರ ಉಸ್ರು ನನ್ ಬೆನ್ಗೆ ಬತ್ತದೆ. ಅವಾಗ ಸರಿಹೋಯ್ತದೆ."

ದಿನಾ ಹೋಗಿ ಕೇಳತೊಡಗಿದೆ. ಕನಸಿನಲ್ಲಿ ಯಾರಾದರೂ ಮುಟ್ಟುತ್ತಾರಾ? ಸುಮ್ಮನಿದ್ದರೆ ಕೈ ನೋಯುತ್ತದಾ? ಯಾವುದಕ್ಕೂ ಅವಳು ಬೇಸರಿಸಲಿಲ್ಲ.

ಮಾತ್ರೆ ಮುಗಿಯಿತು. ವಾಸಿಯಾಗಿದೆ, ಇನ್ನು ಯಾರಿಗೂ ಅಂಟುವುದಿಲ್ಲ ಅಂದರು ಡಾಕ್ಟರು. ಊರು ನಂಬಲಿಲ್ಲ. ನನ್ನ ಅತ್ತಿಗೆ ಆಗಷ್ಟೇ ಕೂಸಿನ ಜೊತೆ ತವರಿನಿಂದ ಬಂದಿದ್ದಳು. ಆಸ್ಪತ್ರೆಗೆ ತಾನೇ ಹೋಗಿ ಡಾಕ್ಟರನ್ನು ಕೇಳಿ ಬಂದವಳು, ಮಗುವನ್ನು ಎತ್ತಿಕೊಂಡು ನೇರವಾಗಿ ದೊಡ್ಡವ್ವನ ಮುಂದೆ ನಿಂತಳು. ನಾನೂ ಅವ್ವನೂ ಹಿಂದೆಯೇ ಓಡಿದೆವು.

ದೊಡ್ಡವ್ವ ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡಳು. "ಬ್ಯಾಡ ಕಣವ್ವ. ನಿಮ್ಮತ್ತೆ ಒಪ್ಪವ್ಳಾ ಕೇಳು."

ಅವ್ವ ಅಂಗಳದಲ್ಲೇ ನಿಂತಳು. ಮಗುವನ್ನು ನೋಡಿದಳು, ದೊಡ್ಡವ್ವನನ್ನು ನೋಡಿದಳು. ಆಮೇಲೆ ಜಗುಲಿ ಹತ್ತಿ ಕೇಳಿದಳು: "ಎಣ್ಣೆ ಬಿಸಿ ಮಾಡ್ಲಾ, ಅಕ್ಕ?"

ನೀರು ಬಿದ್ದಾಗ ಮಗು ಕಿರುಚಿ ಅತ್ತಿತು. ದೊಡ್ಡವ್ವ ಅದಕ್ಕಿಂತ ಜೋರಾಗಿ ಅತ್ತಳು. ಮುಂದಿನ ವಾರ ಇನ್ನೆರಡು ಕೂಸು ಬಂದವು.

ಕೊನೆಯ ಸಲ ಅವಳನ್ನು ಕಂಡಾಗ ನಾನು ಕಾಲೇಜಿನಲ್ಲಿದ್ದೆ. ವರ್ಷಗಟ್ಟಲೆ ನುಂಗಿಕೊಂಡಿದ್ದನ್ನು ಹೇಳಿದೆ: "ಅವತ್ತು ನಾನೂ ದೂರವೇ ನಿಂತಿದ್ದೆ ದೊಡ್ಡವ್ವ."

"ನಿಂತಿದ್ದೆ, ಸರಿ. ಆಮೇಲೆ ಬಂದು ಹೆಂಗೈತೆ ಅಂತ ಕೇಳ್ದಲ್ಲ. ಊರಲ್ಲಿ ಇನ್ಯಾರೂ ಕೇಳ್ನಿಲ್ಲ."

ಆ ವರ್ಷ ರಾಗಿ ಕುಯ್ಲಿನ ಹೊತ್ತಿಗೆ ಅವಳು ತೀರಿಕೊಂಡಳು. ನೊಂದವರ ಮುಂದೆ ಸುಮ್ಮನಿರುವುದೇ ಮರ್ಯಾದೆ ಅನ್ನುತ್ತಾರೆ ಜನ. ನಾನು ಪಕ್ಕದಲ್ಲಿ ಕೂತು, ಹೆಂಗೈತೆ ಅಂತ ಕೇಳುತ್ತೇನೆ.