ಬಾಟಲಿಗೆ ಇಳಿಸದೆ ಬಿಟ್ಟ ಬಿಯರು

ಪ್ರಭುದಾಸ್ ಅಂಕಲ್ ಮನುಷ್ಯರನ್ನು ನೋಡುವ ಮೊದಲೇ ಮೂಗಿನಿಂದ ಗುರುತಿಸುತ್ತಿದ್ದರು. ನಾನು ಬಾಗಿಲಲ್ಲಿ ಶೂ ಬಿಚ್ಚುವಷ್ಟರಲ್ಲಿ ಒಳಗಿಂದಲೇ, "ಮೆಂತೆ ಸಾರು ತಂದೀಯಲ್ಲ, ತಂಗಿ?" ಎನ್ನುತ್ತಿದ್ದರು. ಬೆಟಗೇರಿಯಿಂದ ಕಡಲಾಚೆಯ ಡನೀಡಿನ್‌ಗೆ ಓದಲು ಬಂದು ಇಲ್ಲೇ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ನಿಂತವರು. ಒಬ್ಬಳೇ ಮಗಳು ದೂರದ ಊರಲ್ಲಿ; ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬರೇ. ನಾನು ಮೈಸೂರಿನವಳು, ಇಲ್ಲಿ ನರ್ಸು. ಭಾನುವಾರ ಅವರಿಗೆ ಡಬ್ಬಿ ಒಯ್ಯುವುದು ರೂಢಿಯಾಗಿತ್ತು.

ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಅಲ್ಲಿ ಬಿಯರು ತಯಾರಾಗುತ್ತಿತ್ತು. ಬಕೆಟ್ಟಿನಲ್ಲಿ ಒಮ್ಮೆ ಹುದುಗು ಬಂದ ಬಿಯರನ್ನು ತಳದ ಗಷ್ಟು ಬಿಟ್ಟು ದೊಡ್ಡ ಗಾಜಿನ ಜಾಡಿಗೆ ಇಳಿಸುತ್ತಿದ್ದರು. ಅಲ್ಲಿ ಅದು ಎರಡನೆಯ ಸಲ ಮೆಲ್ಲಗೆ ಹುದುಗು ಬಂದು ತಿಳಿಯಾಗಬೇಕು. ಮೂರು ವಾರವಾದರೆ ಬಾಟಲಿಗೆ. ಪ್ರತಿ ಜಾಡಿಗೂ ಗುಂಡಗಿನ ಅಕ್ಷರದ ಒಂದು ಚೀಟಿ.

ಕಳೆದ ಚಳಿಗಾಲದಲ್ಲಿ ತುಂಬಿಸಿದ ಜಾಡಿ ಬೇಸಿಗೆ ಬಂದರೂ ಅಲ್ಲೇ ಇತ್ತು. ಅದರ ಪಕ್ಕದಲ್ಲಿ ಇನ್ನೂ ಮೂರು ಸೇರಿದ್ದವು.

"ಇಳಿಸೋದಿಲ್ವಾ ಅಂಕಲ್?"

"ಯಾಕ ಅವಸರ? ಕುಂದ್ರಲಿ ಬಿಡು. ಕುಂತಷ್ಟು ರುಚಿ ಬರತೈತಿ."

ಒಂದು ಭಾನುವಾರ ಚೀಟಿಗಳನ್ನು ಓದಲು ಬಗ್ಗಿದೆ. ಒಂದಕ್ಕಿಂತ ಒಂದರ ಅಕ್ಷರ ಸಣ್ಣದು. ಕೊನೆಯದಕ್ಕೆ ಫೋನಿನ ದೀಪ ಹಿಡಿಯಬೇಕಾಯಿತು. ಹಳೆಯ ಜಾಡಿಯ ಮುಚ್ಚಳದ ನಳಿಕೆಯಲ್ಲಿ ಗಾಳಿ ತಡೆಯಲು ಇರಬೇಕಾದ ನೀರು ಒಣಗಿಹೋಗಿತ್ತು. ಮುಚ್ಚಳ ತೆಗೆದರೆ ವಿನೆಗರಿನ ಘಾಟು, ಕಣ್ಣಲ್ಲಿ ನೀರು ಬಂತು.

ಅಂಕಲ್ ಜಾಡಿಗೆ ಮುಖವಿಟ್ಟು ಉಸಿರೆಳೆದರು. "ಛಲೋ ಬಂದೈತಿ."

ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ. ಬಲಗೈಯ ಹೆಬ್ಬೆರಳು ತೋರುಬೆರಳನ್ನು ಸುಮ್ಮನೆ ಉಜ್ಜುತ್ತಲೇ ಇತ್ತು. ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ ಕೈ ಅದು. ಚೀಟಿಗಳ ಕುಗ್ಗುತ್ತ ಬಂದ ಅಕ್ಷರದತ್ತ ಮತ್ತೆ ನೋಡಿದೆ.

"ವಾಸನೆ ಬರ್ತಿಲ್ವಾ ನಿಮಗೆ?"

"ನೆಗಡಿ ಆಗೇತಿ."

"ಎಷ್ಟು ದಿನದಿಂದ? ಅಂಕಲ್, ಡಾಕ್ಟರಿಗೆ ತೋರ್ಸೋಣ."

"ನೀ ನರ್ಸು ದವಾಖಾನ್ಯಾಗ. ಇಲ್ಲೆ ಬ್ಯಾಡ." ಡಬ್ಬಿಯನ್ನು ತೆರೆಯದೆ ಹಾಗೆಯೇ ನನ್ನ ಕೈಗೆ ಕೊಟ್ಟರು.

ಆಮೇಲೆ ಆರು ಭಾನುವಾರ ಬಾಗಿಲು ತೆರೆಯಲಿಲ್ಲ. ಒಳಗೆ ಹೆಜ್ಜೆ ಎಳೆಯುವ ಸದ್ದು ಮಾತ್ರ ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು.

ಏಳನೆಯ ವಾರ ಅವರೇ ಫೋನು ಮಾಡಿದರು. "ಡಾಕ್ಟರಿಗೆ ತೋರಿಸಿದೆ, ತಂಗಿ. ಪಾರ್ಕಿನ್ಸನ್ ಅಂದ್ರು. ನಮ್ಮ ಅಪ್ಪಗೂ ಇತ್ತು, ಅವರಿಗೂ ಮೊದ್ಲ ವಾಸನಿನ ಹೋಗಿತ್ತು. ಮೂಗು ಹ್ವಾದಾಗ ನಂಗ ಗೊತ್ತಾಗಿತ್ತು. ಬಾಟಲಿ ತುಂಬಬೇಕಂದ್ರ ನನ್ನ ಕೈ ನಾ ನೋಡಬೇಕಲ್ಲ, ಅದಕ್ಕ ಬಿಟ್ಟಿದ್ದೆ."

ಆ ಭಾನುವಾರ ನಾಲ್ಕೂ ಜಾಡಿಗಳನ್ನು ಇಬ್ಬರೂ ಸೇರಿ ಮೋರಿಗೆ ಸುರಿದೆವು.

ಕಡೆಯ ಸಲ ನೋಡಿದ್ದು ವಿಮಾನ ನಿಲ್ದಾಣದಲ್ಲಿ. ಆಲ್ಬನಿ ಎಂಬ ಊರಿನಲ್ಲಿರುವ ಮಗಳು ಕರೆದೊಯ್ಯಲು ಬಂದಿದ್ದಳು. ಒಳಹೋಗುವ ಗಾಜಿನ ಬಾಗಿಲ ಹತ್ತಿರ ಅಂಕಲ್ ಗಕ್ಕನೆ ನಿಂತುಬಿಟ್ಟರು.

"ಕಮ್ ಆನ್, ಡ್ಯಾಡ್," ಎಂದಳು ಮಗಳು, ಬಾಗಿಲ ಆಚೆಯಿಂದ.

"ಕಾಲು ಏಳವಲ್ಲವು, ತಂಗಿ," ಎಂದರು ನನಗೆ ಮಾತ್ರ ಕೇಳುವಂತೆ.

ದಾಟಲು ಏನಾದರೂ ಕಂಡರೆ ಇಂಥವರ ಕಾಲು ಏಳುತ್ತದೆ, ವಾರ್ಡಿನಲ್ಲಿ ಕಲಿತದ್ದು. ಅವರ ಬೂಟಿನ ಮುಂದೆ ನನ್ನ ಪಾದ ಅಡ್ಡವಿಟ್ಟೆ. "ಇದನ್ನ ದಾಟಿ, ಅಂಕಲ್."

ಅವರು ನನ್ನ ಮುಖ ನೋಡಿದರು, ಪಾದ ನೋಡಿದರು. ಆಮೇಲೆ ಕಾಲೆತ್ತಿ ದಾಟಿ ಹೋದರು. ಬಾಗಿಲು ಮುಚ್ಚಿಕೊಂಡಿತು. ನಾನು ಪಾದ ಹಿಂದಕ್ಕೆ ತೆಗೆದುಕೊಳ್ಳದೆ ಹಾಗೆಯೇ ನಿಂತಿದ್ದೆ.