ಪಾರ್ಕಿನ ಬನ್ನಿ

ಬಸವನ ಬಾಗೇವಾಡಿಯ ನಮ್ಮ ಓಣಿಯ ಪಾರ್ಕಿನಲ್ಲಿ ಮೊದಲು ಹುಲ್ಲುಹಾಸು ಇತ್ತು. ನಲ್ಲಿ ನೀರು ಮನೆಗಳಿಗೇ ಸಾಲದ ಊರು. ಹುಲ್ಲು ಪ್ರತಿ ಬೇಸಿಗೆಯಲ್ಲೂ ಒಣಗಿ ಹೋಗುತ್ತಿತ್ತು. ನನ್ನ ಹೆಂಡತಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಅಲ್ಲಿ ಬೇವು, ತಂಗಡಿ, ಕವಳಿ, ಬನ್ನಿ ನೆಟ್ಟಳು.

"ಇವು ಹೊಲದ ಬದುವಿನ ಗಿಡ. ಪಾರ್ಕಿಗ್ಯಾಕ?" ಎಂದು ನಾನು ನಕ್ಕಿದ್ದೆ.

"ಬದುವಿಗಿ ಯಾರ ನೀರ ಹಾಕ್ತಾರ್ರಿ?" ಎಂದಳು.

ತಂಗಡಿ ಬೇಗ ಹಳದಿ ಹೂ ಬಿಟ್ಟಿತು. ಬನ್ನಿ ನಿಧಾನ, ನನ್ನ ಭುಜದೆತ್ತರಕ್ಕೆ ಬಂದಿತ್ತು ಅಷ್ಟೆ. ಹೋದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು.

ದಸರೆ ಬಂತು. ನಮ್ಮ ಕಡೆ ಆ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ಹಿರಿಯರ ಕೈಗಿಟ್ಟು ನಮಸ್ಕರಿಸುತ್ತಾರೆ. ಊರ ಹೊರಗಿನ ದೊಡ್ಡ ಬನ್ನಿಯನ್ನು ಕಡಿದು ಅಲ್ಲಿ ಮನೆಗಳ ಪ್ಲಾಟು ಹಾಕಿದ್ದರಿಂದ, ಹಿಂದಿನ ವರ್ಷ ಜನ ಪಾರ್ಕಿಗೇ ಬಂದು ನಮ್ಮ ಗಿಡದ ಟೊಂಗೆ ಮುರಿದುಕೊಂಡು ಹೋಗಿದ್ದರು. ಅದು ಹೇಗೋ ಚಿಗುರಿತ್ತು. ಇನ್ನೊಮ್ಮೆ ಮುರಿದರೆ ಉಳಿಯಲಿಕ್ಕಿಲ್ಲ ಎನಿಸಿತು. ಸಾವಾದ ಮನೆ, ವರ್ಷ ತುಂಬುವ ತನಕ ಹಬ್ಬವಿಲ್ಲ. ಮಧ್ಯಾಹ್ನವೇ ಕುರ್ಚಿ ಒಯ್ದು ಗಿಡದ ಪಕ್ಕ ಕುಳಿತೆ.

ಮೊದಲು ಬಂದವಳು ಪಕ್ಕದ ಮನೆಯ ಸೊಸೆ.

"ಏನ್ ಕಾಕಾ, ಗಿಡಕ್ಕ ಪೊಲೀಸ್ ಬಂದೋಬಸ್ತ್ ಹಾಕೀರಿ?"

"ಎಲಿ ಹರ್ಕೋ ಯವ್ವಾ. ಟೊಂಗಿ ಮುರೀಬ್ಯಾಡ."

"ಮುರದ್ರ ಕಾಕೂ ಕನಸಿನ್ಯಾಗ ಬಂದು ಬೈತಾಳ. ನನಗ ಗೊತ್ತಿಲ್ಲೇನ್ರಿ?"

ಮುಳ್ಳು ತಪ್ಪಿಸಿ ಒಂದು ಹಿಡಿ ಎಲೆ ಬಿಡಿಸಿಕೊಂಡಳು. ತಿರುಗಿದರೆ ಎದುರಿಗೆ ನಾನು, ಹಿರಿಯ. ಕೊಡದೆ ಹೋಗುವಂತಿಲ್ಲ, ಸಾವಾದ ಮನೆಯವನಿಗೆ ಕೊಡುವಂತೆಯೂ ಇಲ್ಲ. ಪಾರ್ಕಿನ ಸುತ್ತ ಒಮ್ಮೆ ಕಣ್ಣಾಡಿಸಿದಳು.

"ಹಬ್ಬ ಇಲ್ಲದ್ದು ಮನಿಗಿ, ಕಾಕಾ. ಇದು ಪಾರ್ಕ್ ಐತಿ," ಎಂದು ಎಲೆ ನನ್ನ ಕೈಗಿಟ್ಟು ಬಾಗಿದಳು. "ಬನ್ನಿ ತಗೊಂಡು ಬಂಗಾರದಂಗ ಇರೂಣು."

ಹಿಂದೆ ಬಂದವರು ಅದನ್ನು ನೋಡಿದರು. ಒಬ್ಬರ ಹಿಂದೆ ಒಬ್ಬರು ಕೊಟ್ಟರು. ತಮಗೆಂದು ಹರಿದದ್ದನ್ನು ನನಗಿಟ್ಟು, ಮನೆಗೆ ಒಯ್ಯಲು ಮತ್ತೆ ಹರಿದರು. ಕೈ ತುಂಬಿದ ಮೇಲೆ ನಾನು ಉಡಿ ಒಡ್ಡಿದೆ. ದೀಪ ಹಚ್ಚುವ ಹೊತ್ತಿಗೆ ನನ್ನ ಧೋತರದ ಉಡಿ ತುಂಬಿತ್ತು, ಗಿಡ ಬೋಳಾಗಿತ್ತು. ನಾನು ಕಾಯಲು ಕುಳಿತದ್ದರಿಂದಲೇ ಅದು ಇಷ್ಟು ಬರಿದಾಯಿತು.

ಎದ್ದು ಟೊಂಗೆಗಳ ಮೇಲೆ ಕೈಯಾಡಿಸಿ ನೋಡಿದೆ. ಮುಳ್ಳು ಚುಚ್ಚಿತು. ಒಂದು ಟೊಂಗೆಯೂ ಮುರಿದಿರಲಿಲ್ಲ. ಇನ್ನು ಚಿಗುರುತ್ತದೆ.

ಎಲೆ ಚೆಲ್ಲದ ಹಾಗೆ ಉಡಿ ಹಿಡಿದುಕೊಂಡು ಗೇಟು ದಾಟಿದೆ. ಪಾರ್ಕಿನ ತನಕ ನಡೆದು ಬರಲಾರದ, ನನಗಿಂತ ಹಿರಿಯಳಾದ ಮುದುಕಿಯೊಬ್ಬಳು ಓಣಿಯ ಮೊದಲ ಮನೆಯಲ್ಲಿದ್ದಾಳೆ. ಅವಳ ಹೊಸ್ತಿಲು ದಾಟದೆ ಹೊರಗೇ ನಿಂತು, "ಬನ್ನಿ ತಂದೀನ್ರಿ, ಆಯಿ," ಎಂದೆ.