ಮೂರು ಕಡೆ ಚುಚ್ಚಿ ನೋಡಬೇಕು

ಮೊನ್ನೆ ಮನೆಗೆ ಗೋಧಿ ಚೀಲ ಬಂತು. ಹೊಲಿಗೆ ಬಿಚ್ಚಲು ಚಾಕು ಹುಡುಕುವಾಗ ಕೈಗೆ ಸಿಕ್ಕಿದ್ದು ಅಂಗೈಗಿಂತ ತುಸು ಉದ್ದದ, ತುದಿ ಚೂಪಾದ ಕಬ್ಬಿಣದ ಕೊಳವೆ. ಅದಕ್ಕಿನ್ನೂ ಹಳೆಯ ಜೋಳದ ವಾಸನೆ...

ಅದು ಲೋಕಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದಲಾಲಿ ಕಾಕಾ ಅವರದು. ಕಾಳಿನ ಪೇಟೆಯಲ್ಲಿ ಚೀಲಕ್ಕೆ ಕೊಳವೆ ಚುಚ್ಚಿ, ಬಂದ ಕಾಳನ್ನು ಅಂಗೈಯಲ್ಲಿ ಉರುಳಿಸಿ ಮಾಲು ಹೇಗಿದೆಯೆಂದು ಹೇಳುವುದು ಅವರ ಕೆಲಸ. ದರವನ್ನು ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೆಗಲ ಟವೆಲನ್ನು ಕೈಮೇಲೆ ಹೊದಿಸಿ, ಎದುರಿನವನ ಬೆರಳು ಹಿಡಿದು ತಿಳಿಸುತ್ತಿದ್ದರು. ಮದುವೆ ಊಟದಲ್ಲಿ ಪಲ್ಯ, ಸಾರು, ಹೋಳಿಗೆ ಹೇಗಿವೆ ಎಂಬುದನ್ನೂ ನನಗೆ ಟವೆಲ್ ಕೆಳಗೇ ಹೇಳಿದ ಮನುಷ್ಯ. ಚಾಚಿದ ಬೆರಳು ಛಲೋ, ಮಡಚಿದ್ದು ಕೆಟ್ಟದ್ದು.

ಅವರ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಕಂಡಾಗ, ನಾಲ್ಕಕ್ಷರ ಇಂಗ್ಲಿಷ್ ಬಲ್ಲವಳೆಂದು ನನ್ನನ್ನೂ ಬೆಳಗಾವಿಯ ದವಾಖಾನೆಗೆ ಕರೆದೊಯ್ದರು. ಡಾಕ್ಟರು ಅಚ್ಚಗನ್ನಡದಲ್ಲೇ ಹೇಳಿದರು. ಬಾಯಿಂದ ನಳಿಕೆ ಇಳಿಸಿ, ಉಸಿರಿನ ಕೊಳವೆಯ ಪಕ್ಕದ ಗ್ರಂಥಿಗಳಿಂದ ಸೂಜಿಯಲ್ಲಿ ಚೂರು ತೆಗೆದು ನೋಡುತ್ತಾರಂತೆ. ಅಲ್ಲಿಗೆ ರೋಗ ಮುಟ್ಟಿರದಿದ್ದರೆ ಗಡ್ಡೆ ಕೊಯ್ದು ತೆಗೆಯಬಹುದು. ಒಂದಕ್ಕೆ ಮುಟ್ಟಿದ್ದರೂ ಕೊಯ್ದು ಉಪಯೋಗವಿಲ್ಲ, ಔಷಧವೇ ಗತಿ. ಕಾಕಾ ಅವರ ಹೆಂಡತಿ ಕಾಕು ಮಾತ್ರ ಹೊರಗೆ ಬೆಂಚಿನ ಮೇಲೆ, ಗಂಡನಿಗೆ ಕತ್ತಿ ತಾಗದಿರಲಿ ಎಂದು ದೇವರಿಗೆ ಕಾಯಿ ಹರಕೆ ಹೊತ್ತು ಕೂತಿದ್ದರು.

ಕಾಕಾಗೆ ಎಲ್ಲವೂ ತಕ್ಷಣ ತಿಳಿಯಿತು.

"ಒಂದ ಕಡೆ ಚುಚ್ಚಿ ಬಿಡಬ್ಯಾಡ್ರಿ ಸಾಹೇಬ್ರ. ಮ್ಯಾಲಿನ ಕಾಳು ಯಾವಾಗ್ಲೂ ಛಲೋನ ಇರ್ತಾವ."

ಮೂರು ಕಡೆ ಚುಚ್ಚುತ್ತೇವೆ ಎಂದು ಡಾಕ್ಟರು ನಕ್ಕರು. ಕಾಕಾ ಅಷ್ಟಕ್ಕೇ ಬಿಡದೆ ಸೂಜಿ ತೋರಿಸಲು ಹೇಳಿ, ಇಷ್ಟು ಸಣ್ಣದರಲ್ಲಿ ಮಾಲು ಎಷ್ಟು ಬಂದೀತೆಂದು ತಕರಾರು ತೆಗೆದರು. ನಾನು ನಾಚಿಕೆಯಿಂದ ನೆಲ ನೋಡುತ್ತ ಕೂತೆ.

ವಾರದ ನಂತರ ವರದಿ ಕೇಳಲು ಒಬ್ಬರೇ ಒಳಗೆ ಹೋದರು. ವ್ಯಾಪಾರದಲ್ಲಿ ಮೂರನೆಯವರಿಗೇನು ಕೆಲಸ ಎಂದು ನಮ್ಮಿಬ್ಬರನ್ನೂ ಬೆಂಚಿಗೇ ಬಿಟ್ಟರು. ಹೊರಬಂದವರು ನಮ್ಮ ನಡುವೆ ಕೂತು, ಟವೆಲನ್ನು ನನ್ನ ಕೈಮೇಲೆ ಹೊದಿಸಿದರು. ಎರಡು ಬೆರಳು ಚಾಚಿದರು... ಮೂರನೆಯದನ್ನು ಮಡಚಿ ನನ್ನ ಅಂಗೈಗೆ ಒತ್ತಿದರು.

"ಡಾಕ್ಟರ್ ಏನಂದ್ರರಿ?" ಎಂದರು ಕಾಕು.

"ಕೊಯ್ಯೂದು ಬ್ಯಾಡ ಅಂದ್ರು. ಬರೇ ಔಷಧ."

ಕಾಕು ಹಿಗ್ಗಿಹೋಗಿ, ಎದುರಿನ ಗುಡಿಯಲ್ಲಿ ಅಲ್ಲೇ ಕಾಯಿ ಒಡೆಸಿದರು. ಕಾಕಾ ಒಂದು ಹೋಳು ಅಗಿದು ಮಾಲು ಛಲೋ ಐತಿ ಎಂದರು. ನನ್ನ ಹೋಳನ್ನು ನಾನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡೆ.

ಅವರು ಹೋಗಿ ಎರಡು ವರ್ಷ. ಕೊಳವೆಯನ್ನು ಕಾಕುವೇ ನನಗೆ ಕೊಟ್ಟಿದ್ದರು. ಮೊನ್ನೆ ಗೋಧಿ ಚೀಲವನ್ನು ಮೇಲೆ, ನಡುವೆ, ತಳದಲ್ಲಿ ಚುಚ್ಚಿ ನೋಡಿದೆ. ಮೂರೂ ಛಲೋ ಇದ್ದವು. ಹೇಳೋಣವೆಂದರೆ ಟವೆಲ್ ಕೆಳಗೆ ಆ ಕೈ ಇರಲಿಲ್ಲ.